ಕೊಟ್ಟದ್ದು ನಗದು, ಪಡೆದದ್ದು ಉದ್ರಿ

ಯಾವ ಪಕ್ಷಕ್ಕೂ ಸ್ಪಷ್ಟ ಬಹುಮತ ಬಾರದಿದ್ದಾಗ ಜನಾದೇಶವೇ ಅತಂತ್ರವೆಂದು ಮರುಗುವುದು ವಾಡಿಕೆ. ಬ್ರಿಟನ್ನಿನ ಮತದಾರರು 2010ರ ಮೇ 6ರಂದು ನೀಡಿದ ತೀರ್ಪು ಅಂಥದೇ ಆಗಿತ್ತು. 650 ಸದಸ್ಯರ ಕಾಮನ್ಸ್ ಸಭೆಯಲ್ಲಿ ಡೇವಿಡ್ ಕ್ಯಾಮರಾನ್ ಅವರ ಕನ್ಸರ್ವೇಟಿವ್ ಪಕ್ಷಕ್ಕೆ 306 ಸ್ಥಾನಗಳು ದೊರೆತವು. ಹದಿಮೂರು ವರ್ಷ ಆಳಿದ್ದ ಲೇಬರ್ 258ಕ್ಕೆ ಕುಸಿಯಿತು. ನಿಕ್ ಕ್ಲೆಗ್ ನೇತೃತ್ವದ ಲಿಬರಲ್ ಡೆಮಾಕ್ರಟಿಕ್ ಪಕ್ಷಕ್ಕೆ 57 ಸ್ಥಾನ ಬಂದವು. ಐದು ದಿನಗಳ ಮಾತುಕತೆಯ ನಂತರ ಕ್ಯಾಮರಾನ್ ಪ್ರಧಾನಿಯಾಗಿ, ಕ್ಲೆಗ್ ಉಪಪ್ರಧಾನಿಯಾಗಿ ಮೈತ್ರಿ ಸರ್ಕಾರ ರಚನೆಯಾಯಿತು. ಎರಡನೇ ಮಹಾಯುದ್ಧದ ನಂತರ ಆ ದೇಶ ಕಂಡ ಮೊದಲ ಮೈತ್ರಿ ಸರ್ಕಾರವದು. ಬರಿದಾದ ಬೊಕ್ಕಸ ಮತ್ತು ಚುನಾವಣಾ ಪದ್ಧತಿಯ ಸುಧಾರಣೆ, ಈ ಎರಡು ವಿಷಯಗಳು ಅಂದಿನ ಒಪ್ಪಂದದ ತಿರುಳಾಗಿದ್ದವು. ಅವೆರಡನ್ನೂ ಗಂಟುಹಾಕಿದ ರೀತಿಯೇ ಎರಡನ್ನೂ ಕೆಡಿಸಿತು ಮತ್ತು ಅದರ ಬೆಲೆಯನ್ನು ಬ್ರಿಟನ್ ಈಗಲೂ ತೆರುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಮತಗಳ ಲೆಕ್ಕವನ್ನು ನೋಡೋಣ. ಕನ್ಸರ್ವೇಟಿವ್ ಪಕ್ಷ ಪಡೆದದ್ದು ಶೇ 36ರಷ್ಟು ಮತ, ಲೇಬರ್ ಶೇ 29, ಲಿಬರಲ್ ಡೆಮಾಕ್ರಟರು ಶೇ 23. ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರ ಮತ ಪಡೆದ ಪಕ್ಷಕ್ಕೆ ಸಂಸತ್ತಿನಲ್ಲಿ ದಕ್ಕಿದ್ದು ಶೇ 9ಕ್ಕಿಂತಲೂ ಕಡಿಮೆ ಪಾಲು. ಕ್ಷೇತ್ರದಲ್ಲಿ ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವನೇ ಗೆದ್ದವನೆಂಬ ಪದ್ಧತಿಯಲ್ಲಿ, ದೇಶದೆಲ್ಲೆಡೆ ಹರಡಿಕೊಂಡ ಬೆಂಬಲವಿರುವ ಪಕ್ಷದ ಗತಿ ಇದು. ಹೀಗಾಗಿ ಚುನಾವಣಾ ಸುಧಾರಣೆ ಆ ಪಕ್ಷಕ್ಕೆ ಅಳಿವು ಉಳಿವಿನ ಪ್ರಶ್ನೆಯಾಗಿತ್ತು.

ಇನ್ನು ಬೊಕ್ಕಸದ ಸ್ಥಿತಿ. 2008ರ ಬ್ಯಾಂಕಿಂಗ್ ಬಿಕ್ಕಟ್ಟಿನ ನಂತರ ಬ್ರಿಟನ್ನಿನ ವಿತ್ತೀಯ ಕೊರತೆ ರಾಷ್ಟ್ರೀಯ ಉತ್ಪನ್ನದ ಶೇ 10ರ ಆಸುಪಾಸಿಗೆ ಏರಿತ್ತು. ಅದೇ ಮೇ ತಿಂಗಳಲ್ಲಿ ಸಾಲದಲ್ಲಿ ಮುಳುಗಿದ್ದ ಗ್ರೀಸ್ ಅಂತರರಾಷ್ಟ್ರೀಯ ನೆರವಿಗೆ ಕೈಚಾಚಿದ್ದರಿಂದ ಭೀತಿ ಇನ್ನಷ್ಟು ಬೆಳೆಯಿತು. ಖರ್ಚು ಕಡಿಮೆ ಮಾಡಬೇಕೆಂಬುದರಲ್ಲಿ ಮೂರೂ ಪಕ್ಷಗಳಿಗೆ ಒಮ್ಮತವಿತ್ತು. ಎಷ್ಟು ಬೇಗ ಎಂಬುದರಲ್ಲಿ ಮಾತ್ರ ಭೇದವಿತ್ತು. ಆ ವರ್ಷವೇ ಕತ್ತರಿ ಹಾಕಿದರೆ ಚೇತರಿಸಿಕೊಳ್ಳುತ್ತಿರುವ ಆರ್ಥಿಕತೆ ಮತ್ತೆ ಮಲಗೀತು ಎಂದು ಲಿಬರಲ್ ಡೆಮಾಕ್ರಟರು ಚುನಾವಣೆಯಲ್ಲಿ ಎಚ್ಚರಿಸಿದ್ದರು. ಆದರೆ ಅಧಿಕಾರ ವಹಿಸಿಕೊಂಡ ಎರಡೇ ವಾರಗಳಲ್ಲಿ ಅವರೂ ಭಾಗಿಯಾಗಿದ್ದ ಸರ್ಕಾರ ಸುಮಾರು 620 ಕೋಟಿ ಪೌಂಡ್‌ಗಳ ಕಡಿತ ಪ್ರಕಟಿಸಿತು. ಜೂನ್ ತಿಂಗಳ ತುರ್ತು ಬಜೆಟ್ಟಿನಲ್ಲಿ ಹಣಕಾಸು ಸಚಿವ ಜಾರ್ಜ್ ಆಸ್ಬಾರ್ನ್, ಮುಂದಿನ ಜನವರಿಯಿಂದ ಮೌಲ್ಯವರ್ಧಿತ ತೆರಿಗೆಯನ್ನು ಶೇ 17.5ರಿಂದ ಶೇ 20ಕ್ಕೆ ಏರಿಸುವುದಾಗಿ ಘೋಷಿಸಿದರು. ಅಕ್ಟೋಬರ್ 20ರಂದು ಬಂದದ್ದು ನಾಲ್ಕು ವರ್ಷಗಳಲ್ಲಿ 8,100 ಕೋಟಿ ಪೌಂಡ್ ಉಳಿಸುವ ಯೋಜನೆ. ಆರೋಗ್ಯ ಸೇವೆ ಹಾಗೂ ವಿದೇಶಿ ನೆರವಿನ ಬಾಬ್ತುಗಳನ್ನು ಬದಿಗಿರಿಸಿ ಉಳಿದ ಇಲಾಖೆಗಳ ಮೇಲೆ ಭಾರ ಹೊರಿಸಲಾಯಿತು. ಸುಮಾರು 4.9 ಲಕ್ಷ ಸರ್ಕಾರಿ ಉದ್ಯೋಗಗಳು ಹೋಗುವವೆಂದು ಅಂದೇ ಅಂದಾಜಿಸಲಾಗಿತ್ತು.

ಕಿರಿಯ ಪಕ್ಷ ಹೀಗೆ ತನ್ನ ಬೆಂಬಲವನ್ನು ನಗದಾಗಿ ಕೊಟ್ಟಿತು. ಪ್ರತಿಯಾಗಿ ಅದಕ್ಕೆ ದೊರೆತದ್ದು ಉದ್ರಿ. ಮತಗಳ ಪ್ರಮಾಣಕ್ಕೆ ತಕ್ಕ ಪ್ರಾತಿನಿಧ್ಯ ಅದರ ಬಹುಕಾಲದ ಬೇಡಿಕೆಯಾಗಿತ್ತು. ಕೈಗೆ ಬಂದದ್ದು ಪರ್ಯಾಯ ಮತ ಪದ್ಧತಿಯ ಬಗ್ಗೆ ಜನಮತ ಸಂಗ್ರಹಿಸುವ ಭರವಸೆ ಮಾತ್ರ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ಮತ ಹಾಕಿದವರಿಗೆ ಈ ಪದ್ಧತಿಯನ್ನು ವಿವರಿಸಬೇಕಿಲ್ಲ. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಗುರುತಿಸುವುದು, ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಕೊನೆಯವರನ್ನು ಕೈಬಿಟ್ಟು ಅವರ ಮತಗಳನ್ನು ಎರಡನೇ ಪ್ರಾಶಸ್ತ್ಯದಂತೆ ಹಂಚುವುದು. ಗೆದ್ದವರಿಗೆ ಕ್ಷೇತ್ರದಲ್ಲಿ ವಿಶಾಲವಾದ ಒಪ್ಪಿಗೆ ಇರುವಂತೆ ಇದು ನೋಡಿಕೊಳ್ಳುತ್ತದೆ. ಆದರೆ ಪಕ್ಷಗಳಿಗೆ ಮತಪ್ರಮಾಣದಷ್ಟೇ ಸ್ಥಾನ ಸಿಗುವ ಖಾತರಿಯನ್ನೇನೂ ಕೊಡುವುದಿಲ್ಲ. ಚುನಾವಣೆಗೆ ಮುನ್ನ ಸ್ವತಃ ಕ್ಲೆಗ್ ಇದನ್ನು ಜುಜುಬಿ ರಾಜಿಯೆಂದು ಹೀಗಳೆದಿದ್ದರು. ಸಾಲದ್ದಕ್ಕೆ, ಇದರ ವಿರುದ್ಧ ಪ್ರಚಾರ ಮಾಡುವ ಸ್ವಾತಂತ್ರ್ಯವನ್ನು ಹಿರಿಯ ಪಕ್ಷ ಒಪ್ಪಂದದಲ್ಲೇ ಉಳಿಸಿಕೊಂಡಿತ್ತು.

ಉದ್ರಿ ವಸೂಲಿಯ ದಿನ ಬರುವಷ್ಟರಲ್ಲಿ ನಗದು ಕೊಟ್ಟವರ ಮಾನ ಹೋಗಿತ್ತು. ವಿಶ್ವವಿದ್ಯಾಲಯ ಶುಲ್ಕದ ಏರಿಕೆಯನ್ನು ವಿರೋಧಿಸುವುದಾಗಿ ಲಿಬರಲ್ ಡೆಮಾಕ್ರಟರು ವಿದ್ಯಾರ್ಥಿಗಳಿಗೆ ಸಹಿ ಹಾಕಿ ವಚನ ಕೊಟ್ಟಿದ್ದರು. 2010ರ ಡಿಸೆಂಬರ್ 9ರಂದು ಅವರದೇ ಸರ್ಕಾರ ಇಂಗ್ಲೆಂಡಿನಲ್ಲಿ ಗರಿಷ್ಠ ಶುಲ್ಕವನ್ನು 9,000 ಪೌಂಡ್‌ಗಳಿಗೆ, ಅಂದರೆ ಸುಮಾರು ಮೂರು ಪಟ್ಟು ಏರಿಸಲು ಸಂಸತ್ತಿನ ಒಪ್ಪಿಗೆ ಪಡೆಯಿತು. ಪಕ್ಷದ ಇಪ್ಪತ್ತೊಂದು ಸಂಸದರು ವಿರುದ್ಧ ಮತ ಹಾಕಿದರೂ ಕಳಂಕ ತಪ್ಪಲಿಲ್ಲ. ಐದು ತಿಂಗಳಲ್ಲಿ ಜನಮತ ಸಂಗ್ರಹ ಬಂತು. ಸುಧಾರಣೆಯ ವಿರೋಧಿಗಳು ಹಾಕಿದ ಭಿತ್ತಿಚಿತ್ರಗಳು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತವೆ. ಒಂದರಲ್ಲಿ ಹಸುಗೂಸು, ಇನ್ನೊಂದರಲ್ಲಿ ಸೈನಿಕ. ಈ ಕೂಸಿಗೆ ಬೇಕಿರುವುದು ಚಿಕಿತ್ಸೆ, ಈ ಸೈನಿಕನಿಗೆ ಬೇಕಿರುವುದು ರಕ್ಷಾಕವಚ, ಹೊಸ ಮತಪದ್ಧತಿಯಲ್ಲ ಎಂಬುದು ಅವುಗಳ ಸಂದೇಶ. ಬದಲಾವಣೆಗೆ 25 ಕೋಟಿ ಪೌಂಡ್ ಖರ್ಚಾಗುವುದೆಂಬ ಅವರ ಲೆಕ್ಕದಲ್ಲಿ, ಬೇಕೇ ಇಲ್ಲದ ಎಣಿಕೆ ಯಂತ್ರಗಳ ಬೆಲೆಯೂ ಸೇರಿತ್ತು. ಹಣವಿಲ್ಲವೆಂದು ಒಂದು ವರ್ಷದಿಂದ ಸಾರುತ್ತಿದ್ದ ಸರ್ಕಾರದ ಮಾತೇ ಸುಧಾರಣೆಯ ವಿರುದ್ಧದ ಅಸ್ತ್ರವಾಯಿತು. 2011ರ ಮೇ 5ರಂದು ಶೇ 68ರಷ್ಟು ಮಂದಿ ಬೇಡವೆಂದರು. ಮತ ಹಾಕಿದವರೇ ಶೇ 42ರಷ್ಟು.

ಬರಗಾಲದಲ್ಲಿ ಮತಪದ್ಧತಿಯ ಚರ್ಚೆ ಉಳ್ಳವರ ಚಪಲವೆಂಬ ಈ ವಾದವನ್ನು ನಾನು ಒಪ್ಪಲಾರೆ. ಹಂಚಲು ಹೇರಳವಾಗಿದ್ದಾಗ ಯಾರ ಮತ ಎಷ್ಟು ತೂಗುತ್ತದೆಂದು ಯಾರೂ ಕೇಳುವುದಿಲ್ಲ. ಕಸಿದುಕೊಳ್ಳುವ ಕಾಲದಲ್ಲಿ ಆ ಪ್ರಶ್ನೆ ಏಳುತ್ತದೆ. 2010-11ರಿಂದ 2017-18ರವರೆಗೆ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳಿಗೆ ಕೇಂದ್ರ ಕೊಡುವ ಅನುದಾನ, ಬೆಲೆಯೇರಿಕೆಯನ್ನು ಲೆಕ್ಕಕ್ಕೆ ಹಿಡಿದರೆ, ಅರ್ಧದಷ್ಟು ಇಳಿಯಿತೆಂದು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಸಂಸ್ಥೆಯೇ ಹೇಳಿದೆ. ಸ್ವಂತ ವರಮಾನ ಕಡಿಮೆಯಿರುವ ಬಡ ಊರುಗಳೇ ಅನುದಾನವನ್ನು ಹೆಚ್ಚು ನೆಚ್ಚಿದ್ದವು. ಪೆಟ್ಟು ಅವಕ್ಕೇ ಹೆಚ್ಚು ಬಿತ್ತು. ಗ್ರಂಥಾಲಯಗಳೂ ಮಕ್ಕಳ ಕೇಂದ್ರಗಳೂ ಮುಚ್ಚಿದವು. ಎರಡೂ ಪಕ್ಷಗಳ ಮತ ಕೂಡಿಸಿದರೆ ಶೇ 59 ಆಗುತ್ತದೆ, ಇದಕ್ಕಿಂತ ದೊಡ್ಡ ಜನಾದೇಶ ಬೇಕೇ ಎಂದು ಕೇಳಬಹುದು. ಅಂಕಗಣಿತದಲ್ಲಿ ಅದು ಸರಿ. ಆದರೆ ಅವಸರದ ಕಡಿತ ಬೇಡವೆಂದು ಮತ ಕೊಟ್ಟ ಆ ಶೇ 23ರಷ್ಟು ಜನರನ್ನು ಅವಸರದ ಕಡಿತಕ್ಕೆ ಒಪ್ಪಿದವರೆಂದು ಎಣಿಸುವುದು ನ್ಯಾಯವಲ್ಲ. ಅವರ ಉತ್ತರ 2015ರಲ್ಲಿ ಬಂತು: 57 ಇದ್ದದ್ದು 8ಕ್ಕಿಳಿಯಿತು.

ಹಳೆಯ ಪದ್ಧತಿ ಸ್ಥಿರ ಸರ್ಕಾರ ಕೊಡುತ್ತದೆಂಬುದು ಅದರ ಪರವಾಗಿರುವ ಗಟ್ಟಿ ವಾದ. ಆದರೆ ಆ ಮೈತ್ರಿ ಸರ್ಕಾರ ಪೂರ್ತಿ ಐದು ವರ್ಷ ಬಾಳಿತು. 2015ರಲ್ಲಿ ಒಂದೇ ಪಕ್ಷಕ್ಕೆ ಬಹುಮತ ದೊರೆತ ಮೇಲೆ, 2024ರೊಳಗೆ ಅದೇ ಪಕ್ಷದ ಐವರು ಪ್ರಧಾನಿಗಳನ್ನು ಬ್ರಿಟನ್ ನೋಡಿತು. 2015ರಲ್ಲಿ ಯುಕೆ ಇಂಡಿಪೆಂಡೆನ್ಸ್ ಪಕ್ಷದ 38 ಲಕ್ಷಕ್ಕೂ ಹೆಚ್ಚು ಮತಗಳಿಗೆ ಒಂದೇ ಸ್ಥಾನ ಬಂದರೆ, ಸ್ಕಾಟಿಷ್ ನ್ಯಾಷನಲ್ ಪಕ್ಷ 14 ಲಕ್ಷ ಚಿಲ್ಲರೆ ಮತಗಳಿಂದ 56 ಸ್ಥಾನ ಗೆದ್ದಿತು.

2024ರ ಜುಲೈಯಲ್ಲಿ ಲೇಬರ್ ಪಕ್ಷ ಶೇ 34ಕ್ಕಿಂತ ಕಡಿಮೆ ಮತ ಪಡೆದು 411 ಸ್ಥಾನ ಗಳಿಸಿತು. ಅಂಥ ಭಾರೀ ಬಹುಮತದ ಬಲದಿಂದ, ಅದೇ ತಿಂಗಳು ಸುಮಾರು ಒಂದು ಕೋಟಿ ವೃದ್ಧರ ಚಳಿಗಾಲದ ಇಂಧನ ಭತ್ಯೆಗೆ ಕತ್ತರಿ ಹಾಕಲು ಹೊರಟಿತು. 2025ರ ಜೂನ್‌ನಲ್ಲಿ ಅದನ್ನು ಬಹುಪಾಲು ಹಿಂತೆಗೆದುಕೊಂಡಿತು. ಮರುತಿಂಗಳು ಅಂಗವಿಕಲರ ಭತ್ಯೆಯನ್ನು ಬಿಗಿಗೊಳಿಸುವ ಮಸೂದೆಯ ಮುಖ್ಯ ಅಂಶವನ್ನು ಸ್ವಪಕ್ಷೀಯರ ಬಂಡಾಯಕ್ಕೆ ಮಣಿದು ಕೈಬಿಟ್ಟಿತು. ಸಂಸತ್ತಿನಲ್ಲಿ ಮುಕ್ಕಾಲಿಗೆ ಹತ್ತಿರದ ಬಲವಲ್ಲದಿದ್ದರೂ ಶೇ 63ರಷ್ಟು ಬಲವಿತ್ತು. ಊರುಕೇರಿಗಳಲ್ಲಿ ಅದರ ಅರ್ಧದಷ್ಟೇ ಒಪ್ಪಿಗೆಯಿತ್ತು. ಸಂಸದರಿಗೆ ಇದು ಗೊತ್ತಿರುತ್ತದೆ.

ಇದು ನಮಗೆ ದೂರದ ಕಥೆಯೇನಲ್ಲ. ಬ್ರಿಟನ್ನಿನಿಂದಲೇ ನಾವು ಈ ಪದ್ಧತಿಯನ್ನು ಪಡೆದೆವು. 2018ರಲ್ಲಿ ಕರ್ನಾಟಕದಲ್ಲಿ ಶೇ 38ರಷ್ಟು ಮತ ಪಡೆದ ಕಾಂಗ್ರೆಸ್ಸಿಗೆ 78 ಸ್ಥಾನ, ಶೇ 36 ಪಡೆದ ಬಿಜೆಪಿಗೆ 104 ಸ್ಥಾನ ಬಂದದ್ದನ್ನು ಓದುಗರು ಮರೆತಿರಲಾರರು. ಇಂಥ ಪದ್ಧತಿಯನ್ನು ಕೂಡಲೇ ಬದಲಿಸಬೇಕೆಂದು ನಾನು ಹೇಳುತ್ತಿಲ್ಲ; ಅದು ಪ್ರತ್ಯೇಕ ಚರ್ಚೆಗೆ ತಕ್ಕ ವಿಷಯ. ಆದರೆ ಸಬ್ಸಿಡಿಯನ್ನೋ ಅನುದಾನವನ್ನೋ ಕಡಿತ ಮಾಡುವ ಸರ್ಕಾರ, ಗೆದ್ದ ಸ್ಥಾನಗಳ ಜೊತೆಗೆ ಗಳಿಸಿದ ಮತಗಳನ್ನೂ ಎಣಿಸಿಕೊಂಡು ಕತ್ತರಿಗೆ ಕೈಹಾಕುವುದು ಒಳ್ಳೆಯದು. ದೊಡ್ಡ ಪಕ್ಷಗಳೊಡನೆ ಕೈಜೋಡಿಸುವ ಸಣ್ಣ ಪಕ್ಷಗಳಿಗೂ 2010ರ ಪಾಠವಿದೆ. ಕಡಿತಕ್ಕೆ ಸಹಿ ಹಾಕುವ ದಿನವೇ ಸುಧಾರಣೆಗೂ ಸಹಿ ಪಡೆಯಬೇಕು. ಆಮೇಲೆ ನೋಡೋಣವೆಂದವರಿಗೆ ಆ ದಿನ ಬರುವುದಿಲ್ಲ.