ಜೆಂಬ್ರದ ಸ್ಯಾಕ್ಸೋಫೋನು

ಅಕ್ಕಂದ್ರೇ, ಮೊನ್ನೆ ಟೀವಿಲಿ ಅಮೇರಿಕದ ಬ್ಲೂಸ್ ಕಛೇರಿ. ಸ್ಯಾಕ್ಸೋಫೋನು ಸುರುವಪ್ಪಗ ಮನೆಲಿ ಆರೂ ಮಾತಾಡಿದ್ದವಿಲ್ಲೆ.

ಎನಗೆ ಕದ್ರಿ ಗೋಪಾಲನಾಥ್ ನೆಂಪಾತು. ನಮ್ಮ ಬಂಟ್ವಾಳ ತಾಲೂಕಿನ ಸಜಿಪಮೂಡಲ್ಲಿ, ನಾಗಸ್ವರದ ಮನೆಲಿ ಹುಟ್ಟಿದವು. ಮೈಸೂರು ಅರಮನೆ ಬ್ಯಾಂಡಿಲಿ ಕೇಳಿದ ಆ ವಾದ್ಯಲ್ಲಿ ನಮ್ಮ ರಾಗಂಗಳ ಬಾರ್ಸಿದವು. 1980ರಲ್ಲಿ ಬೊಂಬಾಯಿಯ ಜಾಸ್ ಉತ್ಸವಲ್ಲಿ ಅಮೇರಿಕದ ಜಾನ್ ಹ್ಯಾಂಡಿ ಒಟ್ಟಿಂಗೆ ಬಾರ್ಸಿದವು. 1994ರಲ್ಲಿ ಲಂಡನಿನ ಬಿಬಿಸಿ ಪ್ರಾಮ್ಸಿಂಗೂ ಹೋದವು.

ಈಗ ನಮ್ಮ ಮದುವೆಗಳಲ್ಲಿಯೂ ಸ್ಯಾಕ್ಸೋಫೋನು ಇದ್ದು. ಕೇಳುದು ಆರು? ನಾವು ಸೀರೆ ನೋಡಿಗೊಂಡು ಪಟ್ಟಾಂಗ ಹೊಡೆತ್ತು. ಮಗಳ ಮದುವೆಲಿ ಬಾರ್ಸಿದವು ಅಖೇರಿ ಹಂತಿಲಿ ಕೂದಪ್ಪಗ ಪಾಯಸ ಮುಗುದಿತ್ತು. ಎನಗೆ ಈಗಳೂ ನಾಚಿಕೆ ಆವುತ್ತು.

ಬಪ್ಪ ತಿಂಗಳು ಮೈದುನನ ಮಗನ ಉಪ್ನಾನ. ಬಾರ್ಸುವವಕ್ಕೆ ಸುರುವಾಣ ಹಂತಿಲೇ ಬಾಳೆ ಹಾಕುಸುತ್ತೆ. ಅದಕ್ಕೂ ಮದಲು ಅರ್ಧ ಗಂಟೆ ಸುಮ್ಮನೆ ಕೂದು ಕೇಳುವ, ಆಗದೋ?