ಕಣ್ಣು ಕಲಿತರೆ ಕೈ ಚುರುಕು



“ನಮ್ಮ ಹುಡುಗ ಓದಿನಲ್ಲಿ ಪರವಾಗಿಲ್ಲ, ಆಟದಲ್ಲಿ ಮಾತ್ರ ಮಂದ. ಚೆಂಡು ದಾಟಿ ಹೋದ ಮೇಲೆ ಬ್ಯಾಟು ಎತ್ತುತ್ತಾನೆ.” ತಾಯಂದಿರು ಹೀಗೆ ಹೇಳುವುದನ್ನು ಅಧ್ಯಾಪಕರಾದ ನಾವು ಆಗಾಗ ಕೇಳುತ್ತೇವೆ. ಮಗಳ ವಿಷಯ ಬಂದರೆ ಇಷ್ಟು ಚಿಂತೆಯೂ ಇರುವುದಿಲ್ಲ. “ಹುಡುಗಿಯರಿಗೆ ಅದೆಲ್ಲ ಎಲ್ಲಿ ಬರುತ್ತದೆ?” ಎಂಬಲ್ಲಿಗೆ ಮಾತು ಮುಗಿಯುತ್ತದೆ. ಚುರುಕುತನವೆಂಬುದು ಹುಟ್ಟುವಾಗಲೇ ಕೆಲವರಿಗೆ ಸಿಕ್ಕಿ, ಉಳಿದವರಿಗೆ ಸಿಗದೆ ಹೋಗುವ ವಸ್ತು ಎಂಬ ನಂಬಿಕೆ ಈ ಎರಡೂ ಮಾತುಗಳ ಹಿಂದಿದೆ. ಈ ನಂಬಿಕೆ ಎಷ್ಟು ಸರಿ?

ಕಾದ ಕಾವಲಿಗೆ ಬೆರಳು ತಾಗಿದೊಡನೆ ನೀವು ಕೈ ಹಿಂದೆಳೆಯುತ್ತೀರಿ. ‘ಬಿಸಿ’ ಎಂದು ಮನಸ್ಸಿಗೆ ಅರಿವಾಗುವ ಮೊದಲೇ ಬೆನ್ನುಹುರಿಯಿಂದ ಅಪ್ಪಣೆ ಹೊರಟಿರುತ್ತದೆ. ಇದನ್ನು ನಮಗೆ ಯಾರೂ ಕಲಿಸಿಲ್ಲ. ಆದರೆ ವೇಗದ ಚೆಂಡನ್ನು ಹೊಡೆಯುವುದು ಹಾಗಲ್ಲ. ಕಣ್ಣು ನೋಡಬೇಕು, ಮೆದುಳು ತೀರ್ಮಾನಿಸಬೇಕು, ಕೈಕಾಲು ಪಾಲಿಸಬೇಕು. ಇದಕ್ಕೆ ಸುಮಾರು 0.2 ಸೆಕೆಂಡ್ ಬೇಕು. ಈ ಮಿತಿಯಿಂದ ಯಾರಿಗೂ ಪೂರ್ತಿ ವಿನಾಯಿತಿಯಿಲ್ಲ. 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ ಉಸೇನ್ ಬೋಲ್ಟ್‌ಗೂ ಓಟದ ಸಂಕೇತದ ಸದ್ದಿಗೆ ಸ್ಪಂದಿಸಲು 0.146 ಸೆಕೆಂಡ್ ಹಿಡಿದಿತ್ತು.

ಈಗ ಕ್ರಿಕೆಟ್ ನೋಡಿ. ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬರುವ ಚೆಂಡು ಬೌಲರನ ಕೈಯಿಂದ ದಾಂಡಿಗನನ್ನು ತಲುಪಲು ಸುಮಾರು ಅರ್ಧ ಸೆಕೆಂಡ್ ಸಾಕು. ಅಷ್ಟರೊಳಗೆ ನೋಡಿ, ನಿರ್ಧರಿಸಿ, ಬ್ಯಾಟನ್ನೂ ಬೀಸಬೇಕು. ಇದು ಹೇಗೆ ಸಾಧ್ಯ? ಪೀಟರ್ ಮೆಕ್ಲಿಯಡ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞರು 1987ರಲ್ಲಿ ನುರಿತ ದಾಂಡಿಗರನ್ನೇ ಪರೀಕ್ಷಿಸಿದರು. ಪುಟಿದು ದಿಕ್ಕು ಬದಲಿಸಿದ ಚೆಂಡಿಗೆ ಅವರು ಸ್ಪಂದಿಸಲೂ ಸುಮಾರು 0.2 ಸೆಕೆಂಡ್ ಬೇಕಾಯಿತು. ಅಂದರೆ ಅವರ ನರಗಳು ನಮ್ಮ ನಿಮ್ಮ ನರಗಳಿಗಿಂತ ಬೇರೆಯಲ್ಲ!

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಅದು ನೋಟದಲ್ಲಿದೆ. ಮೆಕ್ಲಿಯಡ್ ಅವರು ಮೈಕಲ್ ಲ್ಯಾಂಡ್ ಜೊತೆಗೂಡಿ 2000ದಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ದಾಂಡಿಗರ ಕಣ್ಣಿನ ಚಲನೆಯನ್ನೇ ಅಳೆದರು. ದಾಂಡಿಗ ಚೆಂಡನ್ನು ದಾರಿಯುದ್ದಕ್ಕೂ ಹಿಂಬಾಲಿಸುವುದಿಲ್ಲ. ಅದು ಕೈ ಬಿಡುವುದನ್ನು ನೋಡಿ, ಎಲ್ಲಿ ನೆಲಕ್ಕೆ ಬಡಿಯಬಹುದೋ ಅಲ್ಲಿಗೆ ಕಣ್ಣನ್ನು ಮುಂಚಿತವಾಗಿ ಹಾರಿಸುತ್ತಾನೆ. ಒಳ್ಳೆಯ ಆಟಗಾರನ ಕಣ್ಣು ಅಲ್ಲಿಗೆ ಬೇಗ ಹಾರುತ್ತದೆ. ಅವನಿಗೆ ಸಿಗುವ ಸಮಯ ಹೆಚ್ಚಲ್ಲ, ಅವನು ಅದನ್ನು ವ್ಯರ್ಥ ಮಾಡುವುದಿಲ್ಲ, ಅಷ್ಟೆ.

ನಮ್ಮ ಮಕ್ಕಳು ಓದು ಕಲಿಯುವುದೂ ಹೀಗೆಯೇ ಅಲ್ಲವೇ? ಒಂದನೇ ತರಗತಿಯ ಮಗು ಅಕ್ಷರಕ್ಕೆ ಅಕ್ಷರ ಕೂಡಿಸಿ ತಡವರಿಸುತ್ತದೆ. ನಾಲ್ಕು ವರ್ಷ ಕಳೆದರೆ ಇಡೀ ಪದ ಒಂದೇ ನೋಟಕ್ಕೆ ದಕ್ಕುತ್ತದೆ. ಮಗುವಿನ ಕಣ್ಣು ಬದಲಾಗಿಲ್ಲ, ನೋಟ ಪಳಗಿದೆ. ಬೌಲರನ ಮಣಿಕಟ್ಟು, ಎದುರಾಳಿಯ ಭುಜ, ಇವೂ ಆಟಗಾರನ ಪಾಲಿಗೆ ಅಕ್ಷರಗಳು. ಸಾವಿರಾರು ಸಲ ನೋಡಿದವರಿಗೆ ಮಾತ್ರ ಅವು ಓದಲು ಬರುತ್ತವೆ.

ಆಸ್ಟ್ರೇಲಿಯಾದ ಡಾನ್ ಬ್ರಾಡ್ಮನ್ ಬಾಲ್ಯದಲ್ಲಿ ಮನೆಯ ನೀರಿನ ಟ್ಯಾಂಕಿನ ಕಟ್ಟೆಗೆ ಗಾಲ್ಫ್ ಚೆಂಡನ್ನು ಎಸೆದು, ಮರಳಿ ಬರುವಾಗ ತೆಳ್ಳನೆಯ ಸ್ಟಂಪಿನಿಂದ ಹೊಡೆಯುತ್ತಿದ್ದರು. ಗುರುವಿಲ್ಲ, ಮೈದಾನವಿಲ್ಲ, ಗಂಟೆಗಟ್ಟಲೆ ಅದೇ ಆಟ. ಮುಂದೆ ಅವರ ಟೆಸ್ಟ್ ಸರಾಸರಿ 99.94. ತೆಲಂಗಾಣದ ನಿಜಾಮಾಬಾದಿನ ನಿಖತ್ ಝರೀನ್‌ಗೆ ಬಾಕ್ಸಿಂಗಿನಲ್ಲಿ ಮೊದಲ ತರಬೇತಿ ಸಿಕ್ಕಿದ್ದು ತಂದೆಯಿಂದಲೇ. 2022 ಮತ್ತು 2023ರಲ್ಲಿ ಅವರು ವಿಶ್ವ ಚಾಂಪಿಯನ್ ಆದರು. “ಹುಡುಗಿಯರಿಗೆ ಎಲ್ಲಿ ಬರುತ್ತದೆ?” ಎಂದು ಆ ತಂದೆ ಕೇಳಿದ್ದರೆ?

ಇನ್ನು ಏಕಾಗ್ರತೆಯ ಮಾತು. ಏಕಾಗ್ರತೆಯೆಂದರೆ ದಿನವಿಡೀ ಹಲ್ಲು ಕಚ್ಚಿ ನಿಲ್ಲುವುದಲ್ಲ. ಬೆಂಗಳೂರಿನ ರಾಹುಲ್ ದ್ರಾವಿಡ್ ತಮ್ಮ ಟೆಸ್ಟ್ ಜೀವನದಲ್ಲಿ 31,258 ಎಸೆತಗಳನ್ನು ಎದುರಿಸಿದರು. ಅಷ್ಟು ದೀರ್ಘ ಕಾಲ ಯಾರ ಮನಸ್ಸೂ ಬಿಗಿದುಕೊಂಡೇ ಇರಲಾರದು. ಆದ್ದರಿಂದ ಎರಡು ಎಸೆತಗಳ ನಡುವೆ ಮನಸ್ಸನ್ನು ಸಡಿಲ ಬಿಟ್ಟು, ಬೌಲರ್ ಓಡಿ ಬರುವಾಗ ಮತ್ತೆ ಒಟ್ಟುಗೂಡಿಸಲು ತರಬೇತುದಾರರು ಕಲಿಸುತ್ತಾರೆ. ಒಂದು ದೀರ್ಘ ಉಸಿರು, ಗ್ಲೌಸ್ ಸರಿಪಡಿಸಿಕೊಳ್ಳುವುದು, ಇಂತಹ ಸಣ್ಣ ರೂಢಿಗಳು ಅದಕ್ಕೆ ಸಹಾಯಕ.

ಪಳಗಿದ ಕೈಗೆ ದೊಡ್ಡ ಶತ್ರುವೆಂದರೆ ಭಯ. ಮೆಟ್ಟಿಲಿಳಿಯುವಾಗ ಒಂದೊಂದು ಹೆಜ್ಜೆಯನ್ನೂ ಯೋಚಿಸುತ್ತಾ ಇಳಿದು ನೋಡಿ, ಕಾಲು ತೊಡರುತ್ತದೆ. ಮೈದಾನದ ಅಂಚಿನಿಂದ “ಬ್ಯಾಟು ಸರಿಯಾಗಿ ಹಿಡಿಯೋ, ಪಕ್ಕದ ಮನೆಯ ಹುಡುಗನನ್ನು ನೋಡು” ಎಂದು ನಾವು ಕೂಗಿದಾಗ ಮಗುವಿಗೂ ಆಗುವುದು ಇದೇ. ಅದರ ಗಮನ ಚೆಂಡಿನಿಂದ ತನ್ನ ಕೈಗೆ, ಅಲ್ಲಿಂದ ನಮ್ಮ ಮುಖಕ್ಕೆ ಜಾರುತ್ತದೆ. ಅರ್ಧ ಸೆಕೆಂಡ್ ಅಲ್ಲಿಗೆ ಮುಗಿಯಿತು.

ತಾಯಂದಿರಿಂದ ಇದಕ್ಕೆ ಆಗುವ ಸಹಾಯ ದುಬಾರಿಯದ್ದೇನಲ್ಲ. ಒಂದು ಟೆನಿಸ್ ಚೆಂಡು, ಒಂದು ಗೋಡೆ ಸಾಕು. ಮೊದಲು ದೂರದಿಂದ, ಎರಡೂ ಕೈಯಲ್ಲಿ ಹಿಡಿಯಲಿ. ಆಮೇಲೆ ಹತ್ತಿರದಿಂದ, ಒಂದೇ ಕೈಯಲ್ಲಿ. ದಿನಕ್ಕೆ ಹತ್ತು ಹದಿನೈದು ನಿಮಿಷ, ದಣಿಯುವ ಮೊದಲೇ ನಿಲ್ಲಿಸಲಿ. ಮೊಬೈಲ್ ಗೇಮಿನಿಂದ ಬೆರಳು ಚುರುಕಾಗಬಹುದು, ಆದರೆ ಬೌಲರನ ಮಣಿಕಟ್ಟನ್ನು ಓದಲು ಅದು ಕಲಿಸದು. ನಿದ್ದೆಗೆಟ್ಟವರ ಸ್ಪಂದನೆ ನಿಧಾನವಾಗುತ್ತದೆ. ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ.

ಕೊನೆಗೆ ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಹನ್ನೆರಡು ತುಂಬುತ್ತಲೇ ಅನೇಕ ಮನೆಗಳಲ್ಲಿ ಹುಡುಗಿಯ ಆಟ ನಿಲ್ಲುತ್ತದೆ. ಅವಳ ತಮ್ಮ ಆಡುತ್ತಲೇ ಇರುತ್ತಾನೆ, ಅವನ ನೋಟ ಪಳಗುತ್ತಲೇ ಇರುತ್ತದೆ. ಮೂರು ವರ್ಷಗಳ ಬಳಿಕ ಇಬ್ಬರನ್ನೂ ಎದುರುಬದುರು ನಿಲ್ಲಿಸಿ, “ನೋಡಿದಿರಾ, ಇವಳು ಮಂದ” ಎನ್ನುತ್ತೇವೆ. ಓದು ಬಿಡಿಸಿದ ಮಗುವನ್ನು ‘ದಡ್ಡ’ ಎಂದು ಕರೆದಂತಾಯಿತಲ್ಲವೇ? ನಿಮ್ಮ ಮಗ ಅಥವಾ ಮಗಳು ಚೆಂಡು ಕೈಬಿಟ್ಟಾಗ ಬಯ್ಯುವ ಬದಲು, ಇನ್ನೊಮ್ಮೆ ಎಸೆಯಿರಿ.