ಮನೆಯ ಗಣಕಕ್ಕೆ ಸರ್ವರ್ ಪ್ರೊಸೆಸರ್ ತಕ್ಕುದೆ?

ಪ್ರತಿವರ್ಷ ಕಾಲೇಜುಗಳ ಪ್ರವೇಶದ ಕಾಲ ಬಂತೆಂದರೆ ಬೆಳಗಾವಿಯ ಅನೇಕ ಮನೆಗಳಲ್ಲಿ ಒಂದೇ ಮಾತು ನಡೆಯುತ್ತದೆ. ಮಗನಿಗೋ ಮಗಳಿಗೋ ಇಂಜಿನಿಯರಿಂಗ್ ಸೀಟು ದೊರೆತಿದೆ, ಇನ್ನು ಒಂದು ಗಣಕಯಂತ್ರ ಆಗಬೇಕು. ಖಾನಾಪುರ ತಾಲೂಕಿನ ಹಳ್ಳಿಗಳಿಂದಲೂ ತಾಯಿತಂದೆಗಳು ಭತ್ತದ, ಕಬ್ಬಿನ ಹಣವನ್ನು ಜೋಡಿಸಿಕೊಂಡು ಇದಕ್ಕಾಗಿ ಪೇಟೆಗೆ ಬರುತ್ತಾರೆ. ಅಲ್ಲಿ ಅವರ ಮುಂದೆ ಎರಡು ಬಗೆಯ ಯಂತ್ರಗಳು ಬರುವುದುಂಟು. ಒಂದು ಹೊಸ ಡೆಸ್ಕ್‌ಟಾಪ್. ಅದರ ಪ್ರೊಸೆಸರಿನಲ್ಲಿ 6 ಕೋರ್‌ಗಳು. ಇನ್ನೊಂದು, ದೊಡ್ಡ ಸಂಸ್ಥೆಗಳು ಕೆಲವು ವರ್ಷ ದುಡಿಸಿಕೊಂಡು ತೆಗೆದುಹಾಕಿದ ಸರ್ವರ್ ಪ್ರೊಸೆಸರನ್ನು ಹೊಸ ಪೆಟ್ಟಿಗೆಯಲ್ಲಿ ಕೂರಿಸಿದ ಯಂತ್ರ. ಅದರಲ್ಲಿ 14 ಕೋರ್‌ಗಳು. ಬೆಲೆಯೂ ಕಡಿಮೆ. “ದೊಡ್ಡ ದೊಡ್ಡ ಬ್ಯಾಂಕಿನವರು ಬಳಸುವ ಮಾಲು ಇದು, ನಿಮ್ಮ ಮಗನ ಓದಿಗೆ ಸಾಲದೆ?” ಎಂಬ ಮಾತು ಕೇಳಿದ ಮೇಲೆ ತಂದೆಯಾದವನು ಅತ್ತ ವಾಲುವುದು ಸಹಜವೇ ಆಗಿದೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪ್ರಶ್ನೆಯೂ ನಮ್ಮ ನಡುವೆ ಇದೆ. ನಮ್ಮ ಕುಟುಂಬಗಳ ಉಳಿತಾಯದ ಹಣ ಎಷ್ಟೋ ಕಡೆ ಪತ್ತಿನ ಸಹಕಾರಿ ಸಂಘಗಳಲ್ಲಿದೆ. ಒಂದು ಚಿಕ್ಕ ಸಂಘವು ಸಾವಿರಾರು ಠೇವಣಿದಾರರ ಲೆಕ್ಕವನ್ನು ಮನೆಯಲ್ಲಿ ಬಳಸುವಂಥ ಡೆಸ್ಕ್‌ಟಾಪಿನ ಮೇಲೆಯೇ ಇಟ್ಟರೆ ಸಾಕೆ? ಮನೆಗೆ ಸರ್ವರ್ ಬೇಕೆ, ಸಂಘಕ್ಕೆ ಡೆಸ್ಕ್‌ಟಾಪ್ ಸಾಕೆ ಎಂಬ ಈ ಎರಡು ಪ್ರಶ್ನೆಗಳನ್ನು ಈ ತಿಂಗಳು ಒಟ್ಟಿಗೆ ವಿಚಾರ ಮಾಡೋಣ.

ಮೊದಲು ಪದಗಳ ಅರ್ಥ. ಪ್ರೊಸೆಸರ್ ಎಂದರೆ ಗಣಕಯಂತ್ರದಲ್ಲಿ ಲೆಕ್ಕ ಮಾಡುವ ಅಂಗ. ಕೋರ್ ಎಂದರೆ ಅದರೊಳಗೆ ತಾನೇ ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ಒಂದೊಂದು ಭಾಗ. ಅಡುಗೆಮನೆಗೆ ಹೋಲಿಸಿದರೆ ಕೋರ್ ಎಂಬುದು ಒಂದು ಒಲೆ. ಗಿಗಾಹರ್ಟ್ಸ್ ಎಂಬುದು ಆ ಒಲೆಯ ಉರಿಯ ಬಿರುಸು. ಒಂದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ಮಿಡಿತ. ಮೆಮೊರಿ ಎಂಬುದು ಪಕ್ಕದ ಉಗ್ರಾಣ. ಉಗ್ರಾಣದಿಂದ ಒಲೆಗಳಿಗೆ ಸಾಮಾನು ಸಾಗಿಸುವ ಬಾಗಿಲುಗಳಿಗೆ ಮೆಮೊರಿ ಚಾನೆಲ್ ಎಂದು ಹೆಸರು.

ಇನ್ನು ಜಾತ್ರೆಯ ಅಡುಗೆಯನ್ನು ನೆನೆಯಿರಿ. ಹತ್ತಾರು ಒಲೆಗಳ ಮೇಲೆ ಕೊಪ್ಪರಿಗೆಗಳಲ್ಲಿ ಗೋದಿ ಹುಗ್ಗಿ ಬೇಯುತ್ತಿರುತ್ತದೆ. ಉರಿ ಹದವಾಗಿ, ಒಂದೇ ಸಮನೆ, ಹಗಲಿರುಳು ನಡೆಯುತ್ತದೆ. ಸಾವಿರ ಜನ ಒಮ್ಮೆಲೇ ಪಂಕ್ತಿಗೆ ಕುಳಿತರೂ ಯಾರಿಗೂ ಕಡಿಮೆಯಾಗುವುದಿಲ್ಲ. ಆದರೆ ಮನೆಗೆ ಬಂದ ಒಬ್ಬ ಅತಿಥಿಗೆ ಚಹ, ಅವಲಕ್ಕಿ ಮಾಡಿಕೊಡಲು ಆ ಕೊಪ್ಪರಿಗೆಯನ್ನು ಯಾರೂ ಒಲೆಗೇರಿಸುವುದಿಲ್ಲ. ಆ ಕೆಲಸವನ್ನು ಮನೆಯ ಚಿಕ್ಕ ಒಲೆ ಜೋರಾದ ಉರಿಯಲ್ಲಿ ಐದು ನಿಮಿಷಕ್ಕೆ ಮುಗಿಸುತ್ತದೆ. ಸರ್ವರ್ ಪ್ರೊಸೆಸರು ಜಾತ್ರೆಯ ಅಡುಗೆಮನೆ, ಡೆಸ್ಕ್‌ಟಾಪ್ ಪ್ರೊಸೆಸರು ಮನೆಯ ಅಡುಗೆಮನೆ.

ಜಾತ್ರೆಯಂಥ ಕೆಲಸ ನಮ್ಮ ಭಾಗದಲ್ಲಿ ಎಲ್ಲಿದೆ ಎಂದು ಕೇಳಿದರೆ ಉದಾಹರಣೆಗಳು ದೂರವಿಲ್ಲ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೆಳಗಾವಿಯ ಮಚ್ಛೆಯ ಬಳಿಯ ಜ್ಞಾನ ಸಂಗಮ. ಅದರ ಫಲಿತಾಂಶ ಪ್ರಕಟವಾದ ಗಳಿಗೆಯಲ್ಲಿ ರಾಜ್ಯದ ಮೂಲೆಮೂಲೆಯ ವಿದ್ಯಾರ್ಥಿಗಳು ಒಮ್ಮೆಲೇ ತಮ್ಮ ಅಂಕಗಳನ್ನು ಕೇಳುತ್ತಾರೆ. ಖಾನಾಪುರದ ರೈತನಿಗೆ ಪಹಣಿ ಬೇಕಾದಾಗ ಅದು ಬರುವುದು ಭೂಮಿ ಯೋಜನೆಯ ಭಂಡಾರದಿಂದ. 2000ದ ಸುಮಾರಿಗೆ ಆರಂಭವಾದ ಈ ಯೋಜನೆಯಲ್ಲಿ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಲಾಯಿತು. ಇಂಥ ಕಡೆ ಒಬ್ಬೊಬ್ಬರು ಕೇಳುವುದು ಅಲ್ಪ, ಕೇಳುವವರು ಮಾತ್ರ ಅಸಂಖ್ಯ. ಯಾರ ಸರದಿಯೂ ತಪ್ಪಬಾರದು, ಯಾರ ಅಂಕಿಯೂ ಕೆಡಬಾರದು, ಯಂತ್ರ ನಡುವೆ ನಿಲ್ಲಬಾರದು. ಸರ್ವರ್ ಪ್ರೊಸೆಸರ್ ಹುಟ್ಟಿದ್ದು ಇದಕ್ಕಾಗಿ.

ಇಂಟೆಲ್ ಕಂಪನಿಯು ಸರ್ವರುಗಳಿಗೆಂದು ಝಿಯಾನ್ ಎಂಬ ಹೆಸರನ್ನು ಬಳಕೆಗೆ ತಂದದ್ದೂ ಅದೇ 1998ರಲ್ಲಿ. 2008ರಲ್ಲಿ ಹೊರಬಂದ ಝಿಯಾನ್ 7400 ಎಂಬ 6 ಕೋರಿನ ಪ್ರೊಸೆಸರಿನ ವಿನ್ಯಾಸ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಸುಮಾರು 190 ಕೋಟಿ ಟ್ರಾನ್ಸಿಸ್ಟರುಗಳನ್ನು ಹೊತ್ತ ಆ ಬಿಲ್ಲೆಯನ್ನು ರೂಪಿಸಿದವರು ಕಂಪನಿಯ ಬೆಂಗಳೂರು ಕೇಂದ್ರದ ಇಂಜಿನಿಯರುಗಳು. ಆ ಕಾಲದಲ್ಲಿ ಮನೆಯ ಗಣಕಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು 2 ಕೋರ್. ಸರ್ವರ್ ಎಂದರೆ ಎಲ್ಲಿಯೋ ಹೊರನಾಡಿನಲ್ಲಿ ಮಾತ್ರ ಆಗುವ ವಿದ್ಯೆ ಎಂದು ನಮ್ಮ ಮಕ್ಕಳು ಭಾವಿಸಬೇಕಾಗಿಲ್ಲ.

ಈಗ ಅಂಕಿಗಳನ್ನು ಎದುರುಬದುರು ಇಟ್ಟು ನೋಡೋಣ. 2019ರಲ್ಲಿ ಎಎಂಡಿ ಕಂಪನಿಯು ಎರಡು ಪ್ರೊಸೆಸರುಗಳನ್ನು ತಂದಿತು: ಡೆಸ್ಕ್‌ಟಾಪಿಗೆ ರೈಝೆನ್ 9 3950ಎಕ್ಸ್, ಸರ್ವರಿಗೆ ಎಪಿಕ್ 7742. ವಿಶೇಷವೆಂದರೆ ಎರಡರ ಇಟ್ಟಿಗೆಯೂ ಒಂದೇ. 8 ಕೋರ್‌ಗಳಿರುವ ಒಂದೇ ನಮೂನೆಯ ಬಿಲ್ಲೆಯನ್ನು ರೈಝೆನ್‌ನಲ್ಲಿ ಎರಡು ಇಟ್ಟರು, ಎಪಿಕ್‌ನಲ್ಲಿ ಎಂಟು ಇಟ್ಟರು. ಹೀಗೆ ಒಂದಕ್ಕೆ 16 ಕೋರ್, ಇನ್ನೊಂದಕ್ಕೆ 64 ಕೋರ್. ಉಗ್ರಾಣದ ಬಾಗಿಲುಗಳು ಒಂದಕ್ಕೆ 2, ಇನ್ನೊಂದಕ್ಕೆ 8. ರೈಝೆನ್ 128 ಗಿಗಾಬೈಟ್ ಮೆಮೊರಿಯವರೆಗೆ ಹಿಡಿದರೆ ಎಪಿಕ್ 4 ಟೆರಾಬೈಟ್, ಅಂದರೆ ಅದರ 32 ಪಟ್ಟು ಹಿಡಿಯಬಲ್ಲುದು.

ಆದರೆ ಉರಿಯ ಬಿರುಸನ್ನು ನೋಡಿದರೆ ಲೆಕ್ಕ ತಿರುಗುತ್ತದೆ. ರೈಝೆನ್ ಅಗತ್ಯ ಬಿದ್ದಾಗ 4.7 ಗಿಗಾಹರ್ಟ್ಸ್‌ಗೆ ಏರಬಲ್ಲುದು, ಎಪಿಕ್ 3.4ಕ್ಕೇ ನಿಲ್ಲುತ್ತದೆ. ಇದಕ್ಕೆ ಕಾರಣ ಶಾಖ. 64 ಒಲೆಗಳನ್ನೂ ಭರದಿಂದ ಉರಿಸಿದರೆ ಮನೆಯೇ ಸುಟ್ಟೀತು. ಆದ್ದರಿಂದ ಎಲ್ಲವನ್ನೂ ಹದವಾದ ಉರಿಯಲ್ಲಿ ಇಡುತ್ತಾರೆ. ಹಾಗಿಟ್ಟರೂ ಎಪಿಕ್‌ಗೆ ನಿಗದಿಯಾದ ಶಾಖದ ಮಿತಿ 225 ವ್ಯಾಟ್, ರೈಝೆನ್‌ಗೆ 105 ವ್ಯಾಟ್. ಬಿಡುಗಡೆಯಾದಾಗ ರೈಝೆನ್‌ನ ಬೆಲೆ 749 ಡಾಲರ್, ಎಪಿಕ್‌ನದು 6,950 ಡಾಲರ್. ಇಷ್ಟು ಬೆಲೆ ಕೊಟ್ಟು ಎಪಿಕ್ ತಂದು ಮನೆಯಲ್ಲಿ ಒಬ್ಬರೇ ಕುಳಿತು ಪತ್ರ ಬರೆದರೆ, ಚಿತ್ರ ತಿದ್ದಿದರೆ, ಒಂದೊಂದೇ ಪ್ರೋಗ್ರಾಮ್ ನಡೆಸಿದರೆ ಅದು ರೈಝೆನ್‌ಗಿಂತ ನಿಧಾನ. ಹೆಚ್ಚಿನ 48 ಕೋರ್‌ಗಳು ಸುಮ್ಮನೆ ಕೂರುತ್ತವೆ.

ಪೇಟೆಯಲ್ಲಿ ನಮಗೆ ಎದುರಾಗುವುದು ಇಷ್ಟು ದೊಡ್ಡ ಯಂತ್ರವಲ್ಲ, ಹಳೆಯ ಝಿಯಾನ್. ಅಂಥವುಗಳಲ್ಲಿ ಒಂದಾದ ಝಿಯಾನ್ ಇ5-2680 ವಿ4 ಎಂಬುದು 2016ರದು: 14 ಕೋರ್, ಗರಿಷ್ಠ ವೇಗ 3.3 ಗಿಗಾಹರ್ಟ್ಸ್, 120 ವ್ಯಾಟ್. ಅದರ ಎದುರಿಗೆ 2022ರ ಐ5-12400 ಎಂಬ ಡೆಸ್ಕ್‌ಟಾಪ್ ಪ್ರೊಸೆಸರನ್ನು ಇಡೋಣ: 6 ಕೋರ್, ಗರಿಷ್ಠ ವೇಗ 4.4 ಗಿಗಾಹರ್ಟ್ಸ್, ಸಾಮಾನ್ಯವಾಗಿ 65 ವ್ಯಾಟ್, ಭರದಲ್ಲಿ 117. ಈ ಆರು ವರ್ಷಗಳಲ್ಲಿ ಕೋರಿನ ರಚನೆಯೇ ಸುಧಾರಿಸಿದ್ದರಿಂದ ಒಂದು ಮಿಡಿತದಲ್ಲಿ ಆಗುವ ಕೆಲಸವೂ ಹೆಚ್ಚಿದೆ. ಹೀಗಾಗಿ ಕೋರಿಗೆ ಕೋರ್ ಹೋಲಿಸಿದರೆ ಹೊಸದು ಹಳೆಯದಕ್ಕಿಂತ ಬಹಳ ಮುಂದಿದೆ. ಎಲ್ಲ ಕೋರ್‌ಗಳನ್ನೂ ಒಟ್ಟಿಗೆ ದುಡಿಸಿದಾಗಲೂ ಈ 6 ಕೋರ್‌ಗಳು ಆ 14ಕ್ಕೆ ಬಹುಮಟ್ಟಿಗೆ ಸರಿಸಮವಾಗಿ ನಿಲ್ಲುತ್ತವೆ. ಕೋರುಗಳನ್ನು ಎಣಿಸಿ ಯಂತ್ರ ಕೊಳ್ಳುವುದು ಹಲ್ಲು ನೋಡದೆ, ಕಾಲುಗಳನ್ನಷ್ಟೇ ಎಣಿಸಿ ಎತ್ತು ಕೊಂಡಂತೆ.

ಹಳೆಯ ಝಿಯಾನ್ ಕೊಳ್ಳುವ ಮೊದಲು ಇನ್ನೂ ನಾಲ್ಕು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು. ಮೊದಲನೆಯದು, ಅದರೊಳಗೆ ಚಿತ್ರ ಮೂಡಿಸುವ ಅಂಗವಿಲ್ಲ; ಪರದೆಯ ಮೇಲೆ ಏನಾದರೂ ಕಾಣಬೇಕಾದರೆ ಗ್ರಾಫಿಕ್ಸ್ ಕಾರ್ಡನ್ನು ಬೇರೆ ಕೊಳ್ಳಬೇಕು. ಐ5-12400ರಲ್ಲಿ ಅದು ಒಳಗೇ ಇದೆ. ಎರಡನೆಯದು, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಕಂಪನಿಯು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು; ವಿಂಡೋಸ್ 11ಕ್ಕೆ ಆ ಕಂಪನಿ ಒಪ್ಪಿದ ಪ್ರೊಸೆಸರುಗಳ ಪಟ್ಟಿಯಲ್ಲಿ ಈ ಝಿಯಾನ್ ಇಲ್ಲ. ಮೂರನೆಯದು, ಸರ್ವರಿನ ಮೆಮೊರಿಯ ಪಟ್ಟಿಗಳು ಬೇರೆ ಜಾತಿಯವು. ನಾಳೆ ಯಂತ್ರ ಕೆಟ್ಟರೆ ಅವನ್ನು ಕಿತ್ತು ಸಾಮಾನ್ಯ ಡೆಸ್ಕ್‌ಟಾಪಿಗೆ ಹಾಕಲು ಬರುವುದಿಲ್ಲ. ನಾಲ್ಕನೆಯದು ವಿದ್ಯುತ್ತು. ಒಂದು ಯಂತ್ರ ಇನ್ನೊಂದಕ್ಕಿಂತ 50 ವ್ಯಾಟ್ ಹೆಚ್ಚು ಎಳೆದರೆ, ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 12 ಯೂನಿಟ್ ಆಗುತ್ತದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿಯ ಅಂಚಿನಲ್ಲಿರುವ ಮನೆಗೆ ಇದು ಸಣ್ಣ ಮಾತಲ್ಲ.

ಹಾಗೆಂದು ಹಳೆಯ ಝಿಯಾನ್ ಯಾರಿಗೂ ಬೇಡವೆಂದಲ್ಲ. ಲಿನಕ್ಸ್ ಬಲ್ಲ, ಒಂದೇ ಯಂತ್ರದಲ್ಲಿ ನಾಲ್ಕಾರು ಕಾಲ್ಪನಿಕ ಯಂತ್ರಗಳನ್ನು ನಡೆಸಿ ಸರ್ವರ್ ನಿರ್ವಹಣೆ ಕಲಿಯಬೇಕೆನ್ನುವ ವಿದ್ಯಾರ್ಥಿಗೆ ಅದು ಅಗ್ಗದ ಪಾಠಶಾಲೆ. ಅಲ್ಲಿ ಹೆಚ್ಚು ಕೋರ್, ಹೆಚ್ಚು ಮೆಮೊರಿ ನಿಜಕ್ಕೂ ಕೆಲಸಕ್ಕೆ ಬರುತ್ತವೆ. ಆದರೆ ಅದು ಎರಡನೆಯ ಯಂತ್ರವಾಗಿರಲಿ. ಮನೆಯ ಏಕೈಕ ಯಂತ್ರವಾಗುವುದು ಬೇಡ.

ಇನ್ನು ಸಂಘದ ವಿಚಾರ. ಇಲ್ಲಿ ಮುಖ್ಯವಾದದ್ದು ವೇಗವಲ್ಲ, ಅಂಕಿಯ ನಿಷ್ಠೆ. 2003ರ ಮೇ 18ರಂದು ಬೆಲ್ಜಿಯಂ ದೇಶದ ಚುನಾವಣೆಯಲ್ಲಿ ಬ್ರಸೆಲ್ಸ್‌ನ ಸ್ಕಾರ್ಬೆಕ್ ಎಂಬಲ್ಲಿ ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತಗಳು ಯಂತ್ರದ ಎಣಿಕೆಯಲ್ಲಿ ಬಂದವು. ಮತ್ತೆ ಎಣಿಸಿದಾಗ ಹೆಚ್ಚಾಗಿದ್ದುದು ಸರಿಯಾಗಿ 4,096. ಗಣಕವು ಎಲ್ಲ ಸಂಖ್ಯೆಗಳನ್ನೂ ಸೊನ್ನೆ, ಒಂದು ಎಂಬ ಬಿಟ್‌ಗಳಲ್ಲಿ ಬರೆಯುತ್ತದೆ. ಹದಿಮೂರನೆಯ ಸ್ಥಾನದ ಒಂದು ಸೊನ್ನೆ ತಾನಾಗಿ ಒಂದು ಆದರೆ ಕೂಡುವುದು 4,096. ಪ್ರೋಗ್ರಾಮಿನಲ್ಲಿ ದೋಷ ಕಾಣಲಿಲ್ಲ. ಮೆಮೊರಿಯ ಒಂದು ಬಿಟ್ ತಾನೇ ಮಗುಚಿರಬೇಕು, ಆಕಾಶದಿಂದ ಬರುವ ವಿಶ್ವಕಿರಣ ಅದಕ್ಕೆ ಕಾರಣವಿರಬಹುದು ಎಂದು ಬಲ್ಲವರು ಊಹಿಸಿದರು. ಬಡ ಠೇವಣಿದಾರಳೊಬ್ಬಳ 500 ರೂಪಾಯಿ ಇದೇ ರೀತಿ 4,596 ಆಗಬಹುದು. ಇನ್ನೊಬ್ಬಳ 4,596 ರೂಪಾಯಿ 500 ಆಗಲೂಬಹುದು. ಇಂಥದ್ದು ಅಪರೂಪ, ನಿಜ. ಆದರೆ ಯಾರ ಖಾತೆಯಲ್ಲಿ ಆಯಿತೋ ಅವರ ಪಾಲಿಗೆ ಅದು ಅಪರೂಪವಾಗಿ ಉಳಿಯುವುದಿಲ್ಲ.

ಇದನ್ನು ತಡೆಯುವ ಉಪಾಯವೇ ಇಸಿಸಿ ಮೆಮೊರಿ. ಇದು ಪ್ರತಿ 64 ಬಿಟ್‌ಗಳೊಂದಿಗೆ ಇನ್ನೂ 8 ಬಿಟ್‌ಗಳನ್ನು ತಾಳೆಗಾಗಿ ಬರೆದಿಡುತ್ತದೆ. ಒಂದು ಬಿಟ್ ತಪ್ಪಿದರೆ ತಾನೇ ತಿದ್ದುತ್ತದೆ, ಎರಡು ತಪ್ಪಿದರೆ ಗುರುತಿಸಿ ಎಚ್ಚರಿಸುತ್ತದೆ. ಉಗ್ರಾಣದಿಂದ ಹೊರಬೀಳುವ ಪ್ರತಿಯೊಂದು ಚೀಲವನ್ನೂ ತೂಗಿ ನೋಡುವ ಪ್ರಾಮಾಣಿಕ ಉಗ್ರಾಣಿ ಇದೆಂದು ತಿಳಿಯಬಹುದು. ಸರ್ವರ್ ಪ್ರೊಸೆಸರುಗಳಲ್ಲಿ ಈ ವ್ಯವಸ್ಥೆ ಸಹಜವಾಗಿಯೇ ಇರುತ್ತದೆ. ಮನೆಬಳಕೆಯ ಡೆಸ್ಕ್‌ಟಾಪುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮನೆಯಲ್ಲಿ ಒಂದು ಛಾಯಾಚಿತ್ರದ ಒಂದು ಚುಕ್ಕೆ ಬಣ್ಣಗೆಟ್ಟರೆ ನಷ್ಟವಿಲ್ಲ. ಸಂಘದ ಖಾತೆಪುಸ್ತಕಕ್ಕೆ ಆ ಸಡಿಲಿಕೆ ಸಲ್ಲದು.

ಇದಕ್ಕಾಗಿ ಚಿಕ್ಕ ಸಂಘವು 64 ಕೋರ್ ಕೊಳ್ಳಬೇಕಾಗಿಲ್ಲ. 2021ರಲ್ಲಿ ಬಂದ ಝಿಯಾನ್ ಇ-2300 ಸಾಲಿನಂಥ ಪ್ರೊಸೆಸರುಗಳು ಹೆಚ್ಚೆಂದರೆ 8 ಕೋರಿನವು, ಮೆಮೊರಿಯ ಬಾಗಿಲು ಎರಡೇ. ಗಾತ್ರದಲ್ಲಿ ಡೆಸ್ಕ್‌ಟಾಪಿನ ಅಣ್ಣತಮ್ಮಂದಿರೇ. ಆದರೆ ಇಸಿಸಿ ಮೆಮೊರಿ ಅವಕ್ಕೆ ಒಗ್ಗುತ್ತದೆ. ಇಂಥದೊಂದು ಸಣ್ಣ ಸರ್ವರ್ ಸಂಘಕ್ಕೆ ಸಾಕು.

ಪ್ರೊಸೆಸರ್ ಒಂದೇ ಎಲ್ಲವನ್ನೂ ಕಾಯಲಾರದೆಂಬುದನ್ನೂ ಆಡಳಿತ ಮಂಡಳಿಯವರು ಮರೆಯಬಾರದು. ಖಾನಾಪುರದ ಮಳೆಗಾಲ ಎಂಥದೆಂಬುದು ಆ ಭಾಗದವರಿಗೆ ಹೇಳಬೇಕಾಗಿಲ್ಲ. ಗಾಳಿಗೆ ಮರ ಬಿದ್ದು ವಿದ್ಯುತ್ತು ಹೋದಾಗ ಯಂತ್ರವನ್ನು ಕ್ರಮವಾಗಿ ನಿಲ್ಲಿಸುವಷ್ಟು ಹೊತ್ತು ನಡೆಸಬಲ್ಲ ಯುಪಿಎಸ್ ಇರಲಿ. ಪ್ರತಿದಿನ ಸಂಜೆ ಲೆಕ್ಕದ ಒಂದು ಪ್ರತಿ ಬೇರೆ ಡಿಸ್ಕಿಗೆ ಹೋಗಲಿ. ವಾರಕ್ಕೊಮ್ಮೆ ಇನ್ನೊಂದು ಪ್ರತಿ ಬೇರೆ ಕಟ್ಟಡಕ್ಕೆ, ಸಾಧ್ಯವಾದರೆ ಬೇರೆ ಊರಿಗೆ ಸೇರಲಿ. ಖಾನಾಪುರದ ಲೆಕ್ಕದ ಪ್ರತಿ ಬೆಳಗಾವಿಯಲ್ಲಿ, ಬೆಳಗಾವಿಯದು ಖಾನಾಪುರದಲ್ಲಿ ಇದ್ದರೆ ಒಳಿತು. ಇಟ್ಟ ಪ್ರತಿ ತೆರೆಯುತ್ತದೆಯೋ ಇಲ್ಲವೋ ಎಂಬುದನ್ನು ಆಗಾಗ ಪರೀಕ್ಷಿಸಲಿ. ವಾರ್ಷಿಕ ಸಭೆಗೆ ಹೋಗುವ ಸದಸ್ಯರು ಲಾಭಾಂಶ ಎಷ್ಟೆಂದು ಕೇಳುವಾಗ ಇದನ್ನೂ ಒಂದು ಮಾತು ಕೇಳಲಿ. ಅದು ಸದಸ್ಯರ ಹಕ್ಕು.

ಒಟ್ಟಿನಲ್ಲಿ ಹೇಳುವುದಾದರೆ, ಎರಡರಲ್ಲಿ ಮೇಲು ಯಾವುದು ಎಂದು ಕೇಳುವ ಬದಲು ಯಾವ ಕೆಲಸಕ್ಕೆ ಯಾವುದು ಎಂದು ಕೇಳಬೇಕು. ಒಬ್ಬರೇ ಕುಳಿತು ಓದುವ, ಬರೆಯುವ, ಕಲಿಯುವ ಮನೆಗೆ ಹೊಸ ಕಾಲದ ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರೇ ತಕ್ಕುದು. ಹತ್ತು ಜನರ ಹಣದ ಲೆಕ್ಕ ಕಾಯುವ ಕಡೆ, ಚಿಕ್ಕದಾದರೂ ಸರಿ, ಸರ್ವರ್ ಪ್ರೊಸೆಸರೇ ತಕ್ಕುದು. ಅಂಗಡಿಗೆ ಹೋಗುವ ಮುನ್ನ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಈ ಯಂತ್ರದಿಂದ ಏನೇನು ಕೆಲಸ ಆಗಬೇಕೆಂದು ಒಂದು ಹಾಳೆಯಲ್ಲಿ ಬರೆಸಿರಿ. ಆ ಹಾಳೆಯನ್ನು ಅಂಗಡಿಯವರ ಮುಂದೆ ಇಟ್ಟು, ಪ್ರೊಸೆಸರಿನ ಹೆಸರು, ಅದು ಹೊರಬಂದ ವರ್ಷ, ವಾರಂಟಿಯ ಅವಧಿ ಈ ಮೂರನ್ನು ಬಿಲ್ಲಿನ ಮೇಲೆ ಬರೆದುಕೊಡುವಂತೆ ಕೇಳಿರಿ. ಬರೆದುಕೊಟ್ಟರೆ ವ್ಯಾಪಾರ ಮಾಡಿರಿ. ಹಿಂಜರಿದರೆ ಮುಂದಿನ ಅಂಗಡಿಗೆ ನಡೆಯಿರಿ.